ತೊಟ್ಟಿಲಗುಂಡಿನ ಬೆಲ್ಲ

ನಮ್ಮ ಮನೆಗೆ ಒಂದು ವರ್ಷ ಬೆಲ್ಲ ತಂದಿರಲಿಲ್ಲ. ಯುಗಾದಿಗೆ ಹೋಳಿಗೆ ಇಲ್ಲ, ನಾಗರಪಂಚಮಿಗೆ ಉಂಡೆ ಇಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿಯುವ ಅಪ್ಪ ಭಾನುವಾರ ಬರುವಾಗ ಒಮ್ಮೆ ಮರೆತು ಒಂದು ಅಚ್ಚು ಬೆಲ್ಲ ತಂದಿದ್ದ. ಅವ್ವ ವಾಸನೆಗೇ ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಅಪ್ಪ ಅದನ್ನು ಪಕ್ಕದ ಮನೆಗೆ ಕೊಟ್ಟುಬಂದ.

ಅವ್ವನ ಹೆಸರು ಹೊನ್ನೂರಮ್ಮ. ಹಿಂದಿನ ವರ್ಷ ಚಿತ್ತಿ ಮಳೆಯ ದಿನಗಳಲ್ಲಿ, ನಸುಕಿನಲ್ಲಿ, ಸೀತಾಫಲ ಕೀಳಲು ಗುಡ್ಡಕ್ಕೆ ಹೋಗಿದ್ದಳು. ಕುರುಗೋಡಿನ ಹೊರಗೆ ನಮ್ಮ ಕಡೆಯವರು ಜೋಡಗುಡ್ಡ ಎಂದು ಕರೆಯುವ ಗುಡ್ಡ ಅದು. ಮರಗಳಿಗಿಂತ ಬಂಡೆಗಳೇ ಹೆಚ್ಚು. ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಕೂತಿವೆ. ಅವುಗಳ ಸಂದಿಗಳಲ್ಲಿ ಸೀತಾಫಲ, ಕಾರೆ, ಜಾಲಿ ಬೆಳೆದಿವೆ. ಮೇಲಕ್ಕೆ ಹತ್ತುವ ಕಾಲುದಾರಿಯ ಪಕ್ಕದಲ್ಲೇ ತೊಟ್ಟಿಲಗುಂಡು ಇದೆ. ಎರಡು ಬಂಡೆಗಳ ನಡುವೆ ಮೂರನೆಯದೊಂದು ತೊಟ್ಟಿಲಿನಂತೆ ಸಿಕ್ಕಿಕೊಂಡಿದೆ. ಅದರ ಕೆಳಗೆ ಒಬ್ಬರು ಕೂರುವಷ್ಟು ಸಂದಿ. ಮುಂದೆ ಬಾಯಿ ಇದೆ, ಹಿಂದೆ ದಾರಿಯಿಲ್ಲ.

ಆ ಬಂಡೆಯ ತಿರುವಿನಲ್ಲಿ ಕರಡಿ ಇತ್ತು. ಅವ್ವನಿಗೆ ಬುಟ್ಟಿ ಇಳಿಸಲೂ ಹೊತ್ತು ಸಿಗಲಿಲ್ಲ. ಎಡಗಣ್ಣು ಹೋಯಿತು, ಕೆನ್ನೆ ಹೋಯಿತು, ಮೇಲ್ತುಟಿಯ ಅರ್ಧ ಹೋಯಿತು. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಹನ್ನೆರಡನೆಯ ದಿನ ಅವಳು ಮೊದಲ ಮಾತು ಆಡಿದಳು.

"ಅದರ ಬಾಯಾಗ ಬೆಲ್ಲದ ವಾಸನಿ ಇತ್ತವ್ವ."

ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಅದನ್ನು ಈಗ ಬರೆಯುವುದು ಕಷ್ಟ, ಆದರೆ ಸತ್ಯ. ನೋವಿನಲ್ಲಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡೆ. ಊರಲ್ಲಿ ಎಲ್ಲರೂ, ಆಕೆ ಕತ್ತಲಲ್ಲಿ ಹೋಗಿದ್ದೇ ತಪ್ಪು, ಕರಡಿಯದೇನು ತಪ್ಪು ಎಂದರು. ಅವ್ವ ಅಂದಿನಿಂದ ಮುಂಬಾಗಿಲ ಹೊಸ್ತಿಲು ದಾಟಲಿಲ್ಲ. ಮನೆಯೊಳಗೂ ಸೆರಗನ್ನು ಮುಖದ ಮೇಲೆ ಎಳೆದುಕೊಂಡೇ ಇರುತ್ತಿದ್ದಳು.

ಜನವರಿಯಲ್ಲಿ ನಾನು ಬಳ್ಳಾರಿಯ ಸಂಜೆ ಕಾಲೇಜಿಗೆ ಹೋಗುವಾಗ ಗಾಂಧಿನಗರದ ಒಂದು ಸಭಾಂಗಣದ ಮುಂದೆ ಬ್ಯಾನರ್ ಕಂಡೆ. ಕಾಡುಪ್ರಾಣಿಗಳ ಚಿತ್ರಪ್ರದರ್ಶನ. ತರಗತಿಗೆ ಇನ್ನೂ ಹೊತ್ತಿತ್ತು, ಒಳಗೆ ಹೋದೆ. ಬಾಗಿಲ ಎದುರಿನ ಗೋಡೆಯಲ್ಲೇ, ಬಹುಮಾನದ ರಿಬ್ಬನ್ ಕಟ್ಟಿದ ದೊಡ್ಡ ಚಿತ್ರ. ಕರಡಿಯೊಂದು ಮುಂಗಾಲೆತ್ತಿ ನಿಂತು ಬಂಡೆ ನೆಕ್ಕುತ್ತಿದೆ. ಬಂಡೆಯ ಮೇಲೆ ಕಂದು ಬಣ್ಣದ ಕಲೆ ಇಳಿದಿದೆ. ಪಕ್ಕದಲ್ಲಿ ಕಣ್ಣು ಬಿಟ್ಟ ಸೀತಾಫಲಗಳು, ಇನ್ನು ಎರಡು ದಿನಕ್ಕೆ ಕೀಳಬೇಕಾದವು. ಮೇಲೆ ಸಿಕ್ಕಿಕೊಂಡ ಮೂರನೆಯ ಬಂಡೆ. ಕೆಳಗೆ ಹೆಸರು: ವೀರೇಶ್, ಬಳ್ಳಾರಿ.

ನನಗೆ ಯಾವುದನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸವಿಲ್ಲ. ಆ ಚಿತ್ರದ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಮೂರು ಸಲ ಗುಡ್ಡ ಹತ್ತಿದೆ. ಬಂಡೆಯ ಬಿರುಕು ಎಣಿಸಿದೆ. ಎಲ್ಲವೂ ಚಿತ್ರಕ್ಕೆ ಸರಿಹೊಂದಿತು. ಆದರೂ ಯಾರೋ ಬೇರೆಯವರು ಬೆಲ್ಲ ಹಚ್ಚಿರಬಹುದು, ಅವನು ಬರೀ ಚಿತ್ರ ತೆಗೆದಿರಬಹುದು ಎಂಬ ಅನುಮಾನ ಉಳಿಯಿತು. ಅವನ ಬಾಯಿಂದಲೇ ಕೇಳಬೇಕಿತ್ತು.

ಅವನು ಮತ್ತೆ ಬಂದೇ ಬರುತ್ತಾನೆಂದು ಆ ಫೆಬ್ರವರಿಯಲ್ಲಿ ಅರಣ್ಯ ಇಲಾಖೆಯ ಗುಡ್ಡ ಕಾಯುವ ದಿನಗೂಲಿ ಕೆಲಸಕ್ಕೆ ಸೇರಿದೆ. ನಲವತ್ತು ವರ್ಷ ಅದೇ ಕೆಲಸ ಮಾಡಿದ ಜಡೆಪ್ಪ ತಾತನಿಗೆ ಮೊಣಕಾಲು ಹೋಗಿತ್ತು. ಅವನು ತನ್ನ ತಗಡಿನ ಡಬ್ಬಿಯನ್ನೂ ಅದನ್ನು ಬಾರಿಸುವ ಕೋಲನ್ನೂ ನನ್ನ ಕೈಗಿಟ್ಟ.

"ಕರಡಿಗೆ ಕಣ್ಣು ಮಂದ, ಕಿವಿನೂ ಮಂದ. ಮೂಗು ಮಾತ್ರ ಚುರುಕು," ಅಂದ. "ಅದು ನಿನ್ನ ನೋಡೂಕಿಂತ ಮೊದಲ ಡಬ್ಬಿ ಬಾರಿಸು. ಗಾಬರಿ ಬಿದ್ದ ಮ್ಯಾಲ ಬಾರಿಸಿದ್ರ ಅದಕ್ಕೂ ಕೆಟ್ಟದ್ದು, ನಿನಗೂ ಕೆಟ್ಟದ್ದು."

ವೀರೇಶ್ ಮಾರ್ಚಿನಲ್ಲಿ ತಾನಾಗಿಯೇ ಬಂದ. ಬ್ರೂಸ್‌ಪೇಟೆಯಲ್ಲಿ ಬಟ್ಟೆ ಅಂಗಡಿ, ಕಂಟೋನ್ಮೆಂಟಿನಲ್ಲಿ ಮನೆ. ನಲವತ್ತರ ಆಸುಪಾಸು, ನಗುಮುಖ. ನನಗೆ ಒಂದು ಟೋಪಿ ತಂದುಕೊಟ್ಟ. ನಾನು ಯಾರ ಮಗಳು ಎಂದು ಅವನಿಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

"ಶೈಲಮ್ಮಾ, ನನಗೆ ಮರಿ ಬೇಕು. ತಾಯಿ ಬೆನ್ನ ಮ್ಯಾಲ ಮರಿ. ಅದೊಂದು ಸಿಕ್ಕರ ನಾನು ದಿಲ್ಲಿತನ ಹೋಗ್ತೀನಿ."

"ಸಿಗ್ತೈತಿ ಸರ್. ಹೊತ್ತು ಬರಬೇಕು."

ಆ ತಿಂಗಳು ಗುಡ್ಡ ಕಾದ ಹೆಂಚಿನಂತಿರುತ್ತದೆ. ಬಂಡೆ ಮುಟ್ಟಿದರೆ ಅಂಗೈ ಸುಡುತ್ತದೆ. ಎಲೆಯಿಲ್ಲದ ಮುತ್ತುಗದಲ್ಲಿ ಕೆಂಪು ಹೂವು. ಉಡ ಬಂಡೆಯ ನೆರಳಿಂದ ನೆರಳಿಗೆ ಓಡುತ್ತದೆ. ಮೇಲಿನ ಬಂಡೆಯ ಕುಳಿ, ದೊಣೆಯಲ್ಲಿ ಉಳಿದ ಮೊಣಕಾಲುದ್ದ ನೀರಿಗೆ ಸಂಜೆ ಎಲ್ಲವೂ ಬರುತ್ತವೆ: ಮೊದಲು ಗೌಜಲಹಕ್ಕಿ, ಆಮೇಲೆ ನವಿಲು, ಕೊನೆಗೆ ಕರಡಿ. ಅಲ್ಲೇ ನಾನು ತಾಯಿ ಕರಡಿಯನ್ನು ಕಂಡೆ. ಬೆನ್ನ ಕೂದಲನ್ನು ಗಟ್ಟಿಯಾಗಿ ಹಿಡಿದು ಕೂತ ಒಂದು ಮರಿ, ಬೆಕ್ಕಿನಷ್ಟಿತ್ತು. ಅವ್ವನ ಮುಖ ಹರಿದದ್ದು ಇದೇ ಕರಡಿಯೋ ಬೇರೆಯದೋ ನನಗೆ ಗೊತ್ತಿಲ್ಲ. ಬಹಳ ಹೊತ್ತು ಅದನ್ನೇ ನೋಡಿದೆ. ಅದರ ಮೇಲೆ ಸಿಟ್ಟು ಬರುತ್ತದೆಯೇ ಎಂದು ಕಾದೆ, ಬರಲಿಲ್ಲ. ವೀರೇಶನಿಗೆ ಹೇಳಲಿಲ್ಲ.

ಆರಿದ್ರಾ ಮಳೆಗೆ ಅವನು ಮತ್ತೆ ಬಂದ. ಗುಡ್ಡ ಆಗ ಗುರುತು ಸಿಗದಷ್ಟು ಹಸಿರಾಗಿತ್ತು. ಬಂಡೆಗಳ ಮೇಲೆ ಪಾಚಿ, ಸಂದಿಗಳಲ್ಲಿ ಹುಲ್ಲು. ನೆತ್ತಿಯಲ್ಲಿ ನಿಂತರೆ ಸಿರುಗುಪ್ಪದ ಕಡೆಗೆ ಕಾಲುವೆಯ ಗದ್ದೆಗಳು ಕನ್ನಡಿ ಚೂರುಗಳಂತೆ ಹೊಳೆಯುತ್ತಿದ್ದವು. ನವಿಲುಗಳು ಇಡೀ ದಿನ ಕೂಗಿದವು, ಕರಡಿ ಮಾತ್ರ ಕಾಣಲಿಲ್ಲ. ಎಲ್ಲೆಲ್ಲೂ ಗೆದ್ದಲು ಎದ್ದಿರುವಾಗ ಅದು ಯಾಕೆ ನಮ್ಮ ದಾರಿಗೆ ಬರಬೇಕು? ವೀರೇಶ್ ಬೇಸರದಿಂದ ತೊಟ್ಟಿಲಗುಂಡಿನ ಪಕ್ಕ ಕೂತು ಡಬ್ಬಿಯಿಂದ ಮಂಡಕ್ಕಿ ತಿನ್ನತೊಡಗಿದ.

"ಇಲ್ಲೊಂದು ಉಪಾಯ ಐತಿ, ಯಾರಿಗೂ ಹೇಳಬ್ಯಾಡ," ಅಂದ. "ಬೆಲ್ಲ. ಬೆಲ್ಲ, ಸಜ್ಜಿ ಹಿಟ್ಟು, ಶೇಂಗಾ. ಹೋದ ವರ್ಷ ಇದೇ ಗುಂಡಿಗೆ ನಾಲ್ಕು ದಿನ ಹಚ್ಚಿದ್ದೆ ನೋಡು. ಐದನೆ ದಿನ ಬಂದು ಹೀರೋಯಿನ್ ಹಂಗ ನಿಂತ್ಕೊಂಡ್ತು."

"ಆಮೇಲೆ ತೊಳದ್ರಾ ಸರ್?"

"ಏನು ತೊಳಿಯಾದು? ಮಳಿ ಬಂದು ತೊಳಿತು." ಮಂಡಕ್ಕಿ ಬಾಯಿಗೆ ಎಸೆದುಕೊಂಡ. "ಆಮೇಲೆ ಯಾವಾಕಿನೋ ಮುದುಕಿ ಅಡ್ಡ ಹೋಗಿ ಪರಚಿಸ್ಕೊಂಡ್ಳಂತ ಕೇಳಿದೆ. ಇವರಿಗೆ ನಸುಕಿನಾಗೇ ಹಣ್ಣು ಬೇಕು!"

ಅವ್ವನಿಗೆ ಆಗ ನಲವತ್ತಾರು.

ಗುಡ್ಡ ಇಳಿಯುವಾಗ ಕಾಲು ಎಡವಬಾರದೆಂದು ಪ್ರತಿ ಹೆಜ್ಜೆ ನೋಡಿಕೊಂಡು ಇಳಿದೆ. ಕೆಳಗೆ ಬಂದಾಗ ಏನು ಮಾಡಬೇಕೆಂದು ಗೊತ್ತಾಗಿತ್ತು. "ಸರ್, ಈಗ ಬ್ಯಾಡ. ಸೀತಾಫಲ ಕಣ್ಣು ಬಿಡೋ ಹೊತ್ತಿಗೆ ಬರ್ರಿ. ನಾನು ಹೇಳಿ ಕಳಸ್ತೀನಿ."

ಹಸ್ತ ಮಳೆ ಕಳೆಯಿತು. ಹುಲ್ಲು ಹಳದಿಗೆ ತಿರುಗಿತು. ಮರಿ ಈಗ ಬೆನ್ನಿಳಿದು ತಾಯಿಯ ಹಿಂದೆ ಓಡುತ್ತಿತ್ತು. ಹಣ್ಣಿನ ವ್ಯಾಪಾರಿಗಳು ಊರಿಗೆ ಬಂದು ಹೋಗತೊಡಗಿದರು. ಇನ್ನು ಎಂಟು ದಿನಕ್ಕೆ ಹೆಂಗಸರು ಗುಡ್ಡ ಹತ್ತುವವರಿದ್ದರು. ಅಂದು ಬೆಳಿಗ್ಗೆ ನಾನು ವೀರೇಶನಿಗೆ ಫೋನ್ ಮಾಡಿದೆ.

"ಬೆಲ್ಲ ನೀನೇ ಮನ್ಯಾಗ ತಯಾರು ಮಾಡು," ಅಂದ ವೀರೇಶ್. "ನನ್ನ ಗಾಡ್ಯಾಗ ಯಾರಾದ್ರೂ ನೋಡಿದ್ರ ಸುಮ್ನೆ ರಗಳೆ. ಸಂದಿ ಮುಂದಿನ ಹಾಸುಬಂಡಿಗೆ ಹಚ್ಚಿಡು. ನಾನು ಸಂದ್ಯಾಗ ಕೂಡ್ತೀನಿ."

ಅಂಗಡಿಯಿಂದ ಎರಡು ಅಚ್ಚು ಬೆಲ್ಲ ತಂದೆ. ಅವ್ವ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಬೇಗ ಮುಗಿಸೋಣವೆಂದು ಒಲೆಯ ಮೇಲಿಟ್ಟೆ. ಬೆಲ್ಲ ಕುದಿ ಬಂದ ಮೇಲೆ ಯಾವ ಮನೆಯೂ ಅದನ್ನು ಮುಚ್ಚಿಡಲಾರದು. ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು.

"ಯಾರಿಗೆ?"

"ಎಮ್ಮಿ ಈದೈತಲ್ಲ ಯವ್ವ, ಅದಕ್ಕ."

"ಎಮ್ಮಿ ಈದು ಮೂರು ತಿಂಗಳಾತು."

ನಾನು ಸೌಟು ತಿರುವುತ್ತಲೇ ಇದ್ದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ನಾನು. ಎಲ್ಲವನ್ನೂ ಹೇಳಿದೆ: ಚಿತ್ರ, ನಾಲ್ಕು ದಿನ, ಮಂಡಕ್ಕಿ, ಮುದುಕಿ ಎಂದದ್ದು, ಸಂದಿಯ ಒಳಗೋಡೆಗೆ ನಾನು ಹಚ್ಚಬೇಕೆಂದಿರುವುದು. ಹೇಳುತ್ತ ಹೇಳುತ್ತ, ಅವ್ವ ಬೇಡ ಅನ್ನಲಿ, ಪಾತ್ರೆ ಕಿತ್ತುಕೊಂಡು ಚೆಲ್ಲಲಿ ಎಂದು ಒಳಗೇ ಬಯಸುತ್ತಿದ್ದೆನೇನೋ.

ಅವ್ವ ಪಾತ್ರೆ ಮುಟ್ಟಲಿಲ್ಲ.

"ನಾ ಹೇಳಿದ್ದು ಖರೇ ಇತ್ತು ಹೌದಿಲ್ಲೋ?"

"ಖರೇ ಇತ್ತವ್ವ."

"ನೀನೂ ನಂಬಲಿಲ್ಲ."

"ನಂಬಲಿಲ್ಲ."

ಅವಳು ಹೊರಗೆ ಹೋಗಲು ತಿರುಗಿದಳು. ಆಮೇಲೆ ನಿಂತು ಹೇಳಿದಳು: "ಅವನ ಕಣ್ಣು ಹೋಗಬಾರದು. ಅವ ನೋಡಬೇಕು."

ಮಧ್ಯಾಹ್ನ ನಾನು ಒಬ್ಬಳೇ ಹೋಗಿ ಸಂದಿಯ ಒಳಗೋಡೆಗೆ, ಛಾವಣಿಗೆ, ಬಾಯಿಯ ಅಂಚಿಗೆ ಬೆಲ್ಲ ಹಚ್ಚಿದೆ. ಮುಂದಿನ ಹಾಸುಬಂಡೆಗೆ ಒಂದು ಹನಿಯೂ ಬೀಳಲಿಲ್ಲ. ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದೆ.

ನಾಲ್ಕು ಗಂಟೆಗೆ ವೀರೇಶ್ ಬಂದು, ಹಾಸುಬಂಡೆಯನ್ನು ಬಗ್ಗಿ ನೋಡದೆ, ಸಂದಿಯಲ್ಲಿ ಕೂತ. ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ. "ಘಮ್ ಅಂತೈತಲ್ಲ ಶೈಲಮ್ಮಾ! ಕರಡಿಗಿಂತ ಮೊದಲ ನಾನ ನೆಕ್ಕಿಬಿಡ್ತೀನೇನೋ!" ಎಂದು ನಕ್ಕ. ನಾನು ತೊಟ್ಟಿಲ ಬಂಡೆಯ ಮೇಲೆ ಹತ್ತಿ ಬೋರಲು ಮಲಗಿದೆ. ಎರಡು ಬಂಡೆಗಳು ಸೇರುವಲ್ಲಿ ಒಂದು ಗೇಣು ಕಿಂಡಿ. ಅದರಿಂದ ಅವನ ನೆತ್ತಿ ಮತ್ತು ಹೆಗಲು ಕಾಣುತ್ತಿತ್ತು. ಡಬ್ಬಿ ನನ್ನ ಎಡಕ್ಕಿತ್ತು, ಕೋಲು ಬಲಕ್ಕೆ.

ಬಿಸಿಲು ಇಳಿಯಿತು. ಬಂಡೆಗಳ ನೆರಳು ಉದ್ದವಾಗಿ ಒಂದರೊಳಗೊಂದು ಸೇರಿಕೊಂಡಿತು. ಗಾಳಿ ಬಯಲಿನಿಂದ ಗುಡ್ಡಕ್ಕೆ ಬೀಸುತ್ತಿತ್ತು. ನಮ್ಮ ವಾಸನೆಯನ್ನೂ ಬೆಲ್ಲದ ವಾಸನೆಯನ್ನೂ ಒಟ್ಟಿಗೆ ಮೇಲಕ್ಕೆ ಒಯ್ಯುತ್ತಿತ್ತು, ಬೆಲ್ಲದ್ದೇ ಹೆಚ್ಚು. ಮುಸುವ ಕೋತಿಗಳು ಒಮ್ಮೆಲೇ ಸುಮ್ಮನಾದವು. ಮೇಲಿನ ಕಾರೆ ಪೊದೆಗಳಿಂದ ಮೊದಲು ಸದ್ದು ಬಂತು, ಯಾರೋ ಬಿಸಿ ಚಹಾ ಸುರಿದು ಕುಡಿಯುವಂತೆ. ಆಮೇಲೆ ಕಪ್ಪು ತಲೆ ಕಂಡಿತು, ಅದರ ಹಿಂದೆ ಮರಿ.

"ಬಂತು, ಬಂತು," ಎಂದು ವೀರೇಶ್ ಪಿಸುಗುಟ್ಟಿದ. "ಇನ್ನೂ ಮುಂದ ಬಾ ನನ್ನ ರಾಣಿ."

"ಸರ್," ಅಂದೆ ನಾನು ಕಿಂಡಿಯಲ್ಲಿ ಬಾಯಿಟ್ಟು. "ಹೆಗಲು ನೋಡ್ಕೊರಿ."

ಅವನು ಹೆಗಲು ಸವರಿಕೊಂಡ. ಇರುವೆಗಳು. ಕುತ್ತಿಗೆಯಲ್ಲಿ, ತೋಳಿನಲ್ಲಿ, ಟೋಪಿಯ ಅಂಚಿನಲ್ಲಿ. ಕೈ ಜಿಗುಟಾಯಿತು. ಅವನು ಹಿಂದಿನ ಗೋಡೆ ಮುಟ್ಟಿ ನೋಡಿದ.

"ಇದೇನಿದು? ಹಾಸುಬಂಡಿಗಲ್ಲ ನಾ ಹಚ್ಚು ಅಂದಿದ್ದು?"

"ಹಾಸುಬಂಡಿಗೆ ಹಚ್ಚಿಲ್ಲ. ನೀವು ಕುಂತ ಗ್ವಾಡಿಗೆ ಹಚ್ಚೀನಿ. ಹೊರಗ ಬಂದ್ರ ಅದು ನಿಮ್ಮನ್ನ ನೋಡ್ತೈತಿ. ಒಳಗ ಇದ್ರ ಅದು ಬೆಲ್ಲಕ್ಕ ಬರ್ತೈತಿ."

"ಹುಚ್ಚು ಹಿಡದೈತೇನ ನಿನಗ? ಡಬ್ಬಿ ಬಾರಸ!"

"ಹೋದ ವರ್ಷ ಪರಚಿಸ್ಕೊಂಡ ಮುದುಕಿ ನಮ್ಮವ್ವ. ಹೊನ್ನೂರಮ್ಮ ಅಂತ ಹೆಸರು."

ಕರಡಿ ನಲವತ್ತು ಹೆಜ್ಜೆ ದೂರದಲ್ಲಿ ಮೂಗೆತ್ತಿ ನಿಂತಿತ್ತು.

"ಕ್ಯಾಮೆರಾದಾಗ ವಿಡಿಯೊ ಹಚ್ಚಿ ನಿಮ್ಮ ಕಡಿ ತಿರುಗಿಸ್ಕೊರಿ. ಏನು ಮಾಡಿದ್ರಿ, ಯಾವಾಗ ಮಾಡಿದ್ರಿ, ಹೇಳ್ರಿ."

"ತಾಯಿ, ನಿನ್ನ ಕಾಲಿಗೆ ಬೀಳ್ತೀನಿ."

"ಕಾಲು ಮ್ಯಾಲ ಅದಾವು. ನೀವು ಹೇಳ್ರಿ."

ಅವನು ಕ್ಯಾಮೆರಾ ತಿರುಗಿಸಿಕೊಂಡು ಹೇಳಿದ. ಹೆಸರು ಹೇಳಿದ, ತಿಂಗಳು ಹೇಳಿದ, ನಾಲ್ಕು ದಿನ ಬೆಲ್ಲ ಹಚ್ಚಿದ್ದು, ತೊಳೆಯದೆ ಹೋದದ್ದು, ಹೆಂಗಸಿಗೆ ಗಾಯವಾದದ್ದು ಕೇಳಿಯೂ ಸುಮ್ಮನಿದ್ದು ಬಹುಮಾನ ತೆಗೆದುಕೊಂಡದ್ದು. ದನಿ ಒಡೆದು ಮಗುವಿನ ದನಿಯಾಗಿತ್ತು. ಕರಡಿ ಇಪ್ಪತ್ತು ಹೆಜ್ಜೆಗೆ ಬಂತು.

"ಹೇಳಿದ್ನಲ್ಲ. ಬಾರಸ ತಾಯಿ, ಬಾರಸ."

ನಾನು ಬಾರಿಸಲಿಲ್ಲ.

ಇದನ್ನು ಬಚ್ಚಿಡಬಹುದಿತ್ತು. ಕೋಲು ಕೈಯಿಂದ ಜಾರಿತು ಎನ್ನಬಹುದಿತ್ತು. ಜಾರಲಿಲ್ಲ. ನಾನು ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ ಮತ್ತು ಬಾರಿಸಲಿಲ್ಲ. ಕಿಂಡಿಯ ಕಡೆ ಮೇಲೆತ್ತಿದ್ದ ಅವನ ಕೆನ್ನೆಯನ್ನೇ ನೋಡುತ್ತಿದ್ದೆ. ಎಡಗೆನ್ನೆ. ಕರಡಿ ಹದಿನೈದು ಹೆಜ್ಜೆಗೆ ಬಂತು, ಹತ್ತಕ್ಕೆ ಬಂತು. ಅದರ ಎದೆಯ ಬಿಳಿ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಅನುಮಾನದಿಂದ ನಿಂತಿತು. ಆದರೆ ಮರಿಗೆ ಅನುಮಾನವೆಂದರೇನೆಂದು ಇನ್ನೂ ಗೊತ್ತಿರಲಿಲ್ಲ. ತಾಯಿಯ ಕಾಲ ನಡುವಿನಿಂದ ನುಗ್ಗಿ ಸಂದಿಯ ಬಾಯಿಗೇ ಬಂದು ಅಂಚಿನ ಬೆಲ್ಲಕ್ಕೆ ನಾಲಿಗೆ ಹಚ್ಚಿತು. ಒಮ್ಮೆ ನೆಕ್ಕಿ ತಲೆಯೆತ್ತಿತು. ಅದರ ಪುಟ್ಟ ಮೂತಿಯೆಲ್ಲ ಹೊಳೆಯುತ್ತಿತ್ತು. ಮತ್ತೆ ನೆಕ್ಕಿತು, ಈ ಸಲ ಬಿಡದೆ.

ಆಗ ನನಗೆ ಕಂಡದ್ದು ವೀರೇಶನ ಮುಖವಲ್ಲ. ಇನ್ನು ಎಂಟು ದಿನಕ್ಕೆ ಬುಟ್ಟಿ ಹೊತ್ತು ಇದೇ ತಿರುವಿಗೆ ಬರುವ ಹೆಂಗಸರು ಕಂಡರು.

ಬಾರಿಸಿದೆ. ಎದ್ದು ನಿಂತು ತಗಡು ಸೀಳುವಂತೆ ಬಾರಿಸಿದೆ. ತಾಯಿ ಕರಡಿ ಹಿಂಗಾಲ ಮೇಲೆ ನಿಂತು ಅಬ್ಬರಿಸಿತು. ಮರಿ ಕಿರುಚಿ ಅದರ ಬೆನ್ನಿಗೆ ಹಾರಿತು. ಹಿಡಿಸದಷ್ಟು ದೊಡ್ಡದಾಗಿದ್ದರೂ ಅಲ್ಲೇ ನೇತಾಡಿತು. ಎರಡೂ ಕಾರೆ ಪೊದೆಗಳನ್ನು ಮುರಿಯುತ್ತ ಮೇಲಕ್ಕೆ ಓಡಿದವು.

ನಾನು ಇಳಿದು ಹೋದಾಗ ವೀರೇಶ್ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದ. ಅವ್ವ ಸೆರಗು ಹಿಡಿಯುವ ಹಾಗೆಯೇ. ಕ್ಯಾಮೆರಾದ ಕಾರ್ಡು ತೆಗೆದುಕೊಂಡೆ, ತಡೆಯಲಿಲ್ಲ.

"ಅಂಗಿ ಬಿಚ್ಚರಿ," ಅಂದೆ. "ಗ್ವಾಡಿ ಒರಸ್ರಿ."

ದೊಣೆಯಿಂದ ಅವನ ನೀರಿನ ಬಾಟಲಿಗಳಲ್ಲಿ ಏಳು ಸಲ ನೀರು ತಂದೆ. ಅವನು ಅಳುತ್ತ ತಿಕ್ಕಿದ, ನಾನೂ ತಿಕ್ಕಿದೆ. ನಮ್ಮ ಗುಡ್ಡದ ಕಲ್ಲು ಒರಟು, ಕಾಳು ಕಾಳಾಗಿದೆ. ಬೆಲ್ಲ ಆ ಕಾಳುಗಳ ನಡುವೆ ಇಳಿದು ಕೂತಿತ್ತು. ಬೆಳಕು ಹೋಗುವವರೆಗೂ ತಿಕ್ಕಿ ಮೂಸಿ ನೋಡಿದೆ. ವಾಸನೆ ಹಾಗೇ ಇತ್ತು.

ಮನೆಯಲ್ಲಿ ಅವ್ವ ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡಳು.

"ಅವ ನೋಡಿದ್ನಾ?"

"ನೋಡಿದ."

"ತೊಳದಿಯಾ?"

"ತೊಳದೆ."

"ಹೋತಾ?"

ಮರಿ ನೆಕ್ಕಿತವ್ವ ಎಂದೆ. ಅವ್ವ ನನ್ನ ಕೈ ಬಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ನಸುಕಿನಲ್ಲಿ ಎದ್ದಾಗ ಅವಳ ಹಾಸಿಗೆ ಖಾಲಿ ಇತ್ತು, ಗೂಟದಲ್ಲಿ ಡಬ್ಬಿಯೂ ಇರಲಿಲ್ಲ. ಓಡಿದೆ. ಗುಡ್ಡದ ಬುಡದಲ್ಲಿ, ಕಾಲುದಾರಿ ಶುರುವಾಗುವಲ್ಲಿ, ಒಂದು ಕಲ್ಲಿನ ಮೇಲೆ ಅವ್ವ ಕೂತಿದ್ದಳು. ಒಂದು ವರ್ಷದಲ್ಲಿ ಮೊದಲ ಸಲ ಹೊರಗೆ. ಅವಳ ಮುಂದೆ ನಾಲ್ಕು ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ವ್ಯಾಪಾರಿ ಹೆಚ್ಚು ಕೊಡುತ್ತಾನೆಂದು ಒಂದು ವಾರ ಮೊದಲೇ ಬಂದಿದ್ದರು. ಅವರಲ್ಲಿ ಸಾವಂತ್ರಮ್ಮ ಜಗಳಕ್ಕೇ ನಿಂತಿದ್ದಳು.

"ನಿನಗ ಆತು ಅಂತ ನಮ್ಮೆಲ್ಲರ ಹೊಟ್ಟಿ ಮ್ಯಾಲ ಕಾಲಿಡ್ತಿ ಏನ ಹೊನ್ನೂರಿ? ಗುಡ್ಡ ನಿಮ್ಮಪ್ಪಂದೇನು?"

ಅವ್ವ ಸೆರಗು ಸರಿಸಿದಳು. ಬೆಳಕು ಹರಿಯುತ್ತಿತ್ತು; ಬಯಲಲ್ಲಿ ಆ ಮುಖವನ್ನು ನಾನೂ ಪೂರ್ತಿ ನೋಡಿರಲಿಲ್ಲ. ಸಾವಂತ್ರಮ್ಮ ಬುಟ್ಟಿಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು.

"ಬೆಲ್ಲ ಹಚ್ಚ್ಯಾರ ಮ್ಯಾಲ," ಅಂದಳು ಅವ್ವ. "ಬಿಸಿಲೇರಿದ ಮ್ಯಾಲ ಬರ್ರಿ. ನಾ ಡಬ್ಬಿ ಬಾರಿಸ್ಕೋತ ಮುಂದ ಬರ್ತೀನಿ."

ಯಾರು ಹಚ್ಚಿದರು ಎಂದು ಅವರು ಕೇಳಿದರು. ಅವ್ವ ನನ್ನ ಕಡೆ ನೋಡಲಿಲ್ಲ. ನಾನೇ ಹೇಳಿದೆ.

ಒಂಬತ್ತು ದಿನ ಹಾಗೆ ಕೂತೆವು. ಹತ್ತನೆಯ ದಿನ ಸ್ವಾತಿ ಮಳೆ ಬಂತು. ನೆನೆಯುತ್ತಲೇ ಹೋಗಿ ಸಂದಿಯನ್ನು ಮತ್ತೆ ತಿಕ್ಕಿ ಬಂದೆ. ಕಾರ್ಡನ್ನು ಬಳ್ಳಾರಿಯ ಅರಣ್ಯ ಕಚೇರಿಗೆ ಕೊಡುವ ಮೊದಲು ಜಡೆಪ್ಪ ತಾತನಿಗೆ ತೋರಿಸಿದೆ. ಅವನು ಎಲ್ಲ ಕೇಳಿ, "ನಿನ್ನ ದನಿ ಇದರಾಗ ಯಾಕ ಬೇಕಲೇ ಹುಚ್ಚಿ? ಮೊಬೈಲ್ ಅಂಗಡ್ಯಾಗ ಕತ್ತರಿಸಿ ಕೊಡ್ತಾರ," ಅಂದ. ಎರಡು ರಾತ್ರಿ ಯೋಚಿಸಿದೆ. ಕತ್ತರಿಸಿದರೆ ವೀರೇಶ್ ಬೆಲ್ಲ ಹಚ್ಚಿದವನಾಗಿ ಉಳಿಯುತ್ತಾನೆ, ನಾನು ಹಚ್ಚದವಳಾಗುತ್ತೇನೆ. ಇಡಿಯಾಗಿ ಕೊಟ್ಟೆ. ಅವನ ಬಹುಮಾನ ಹಿಂದಕ್ಕೆ ಹೋಯಿತು, ಕೇಸಾಯಿತು. ನನ್ನ ಮೇಲೂ ಆಯಿತು, ಕೆಲಸ ಹೋಯಿತು. ಅವನು ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುವುದಿಲ್ಲವಂತೆ. ಅದನ್ನು ಕೇಳಿದಾಗ ಸಂತೋಷವಾಯಿತು. ಸಂತೋಷವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಈ ಮಾರ್ಚಿನಲ್ಲಿ ಮತ್ತೆ ಮುತ್ತುಗ ಹೂ ಬಿಟ್ಟಾಗ ಗುಡ್ಡ ಹತ್ತಿದೆ, ಸಂಬಳವಿಲ್ಲದೆ. ತಾಯಿ ಕರಡಿ ದೂರದ ಇಳಿಜಾರಿನಲ್ಲಿ ಹುತ್ತ ಕೆದರುತ್ತಿತ್ತು. ಮರಿ ಈಗ ನಾಯಿಗಿಂತ ದೊಡ್ಡದು. ಅದು ತಾಯಿಯನ್ನು ಬಿಟ್ಟು ನೇರವಾಗಿ ತೊಟ್ಟಿಲಗುಂಡಿಗೆ ಬಂತು. ಸಂದಿಯೊಳಗೆ ತಲೆ ಹಾಕಿ, ಮಳೆ ತೊಳೆದ ಬರೀ ಕಲ್ಲನ್ನು ನೆಕ್ಕಿತು.

ಡಬ್ಬಿ ಬಾರಿಸಿದೆ. ಅದು ತಿರುಗಿ ನನ್ನ ಕಡೆ ನೋಡಿತು. ಆಮೇಲೆ ಮತ್ತೆ ನೆಕ್ಕತೊಡಗಿತು.

ಅವ್ವನಿಗೆ ಹೇಳಿದೆ. ಅವಳು ಕಾಲುದಾರಿಯ ಕಲ್ಲಿನ ಮೇಲೆ ಹಾಸಿಕೊಂಡು ಕಾಯಲು ಹಳೆಯ ಸೀರೆಗಳನ್ನು ಮಡಚಿ ಒಂದು ದಪ್ಪ ಕೌದಿ ಹೊಲಿಯಲು ಕೂತಿದ್ದಾಳೆ. ಸೀತಾಫಲ ಕಣ್ಣು ಬಿಡಲು ಇನ್ನು ಏಳು ತಿಂಗಳಿದೆ.